ಯಾರ ಜಾಗವೋ ಅವರು ಸುಮ್ಮನೆ

ಮುಂದಿನ ಸಾಲಿನಲ್ಲಿ ಕುಳಿತಿರುವ ಹೂವಯ್ಯನವರ ಹೆಂಡತಿ ತುಂಗಮ್ಮನವರಿಗೆ, ಅವರ ಮಗಳು ಭವ್ಯಾಳಿಗೆ, ವೇದಿಕೆಯ ಮೇಲಿರುವ ಹಿರಿಯರಿಗೆ, ಸಾಗರದಿಂದ, ಹೊಸನಗರದಿಂದ, ತೀರ್ಥಹಳ್ಳಿಯಿಂದ ಬಸ್ಸು ಹತ್ತಿ ಈ ರಿಪ್ಪನ್‌ಪೇಟೆಗೆ ಬಂದಿರುವ ಎಲ್ಲರಿಗೂ ನನ್ನ ನಮಸ್ಕಾರ.

ನನ್ನ ಹೆಸರು ಸುಮನಾ. ಜಲಾನಯನ ಇಲಾಖೆಯ ಕೆಲಸದಲ್ಲಿದ್ದೇನೆ. ನಮ್ಮ ಹಳ್ಳ-ಕಾಡು ಕೂಟ ಶುರುವಾದಾಗಿನಿಂದ ಹೂವಯ್ಯನವರ ಜೊತೆ ಕೆಲಸ ಮಾಡಿದವಳು. ನಾನು ಹೆಚ್ಚು ಮಾತಾಡುವವಳಲ್ಲ. ಅದು ಅವರಿಗೂ ಗೊತ್ತಿತ್ತು. "ಮೇಡಂ ಬಾಯಿ ಬಿಡಲ್ಲ, ಆದ್ರೆ ಒಪ್ಪಿಗೆ ಇಲ್ಲ ಅನ್ನೋದು ಕನ್ನಡಕದಲ್ಲೇ ಗೊತ್ತಾಗ್ತದೆ" ಅಂತ ನಗುತ್ತಿದ್ದರು. ಇವತ್ತು ಅವರ ಬಗ್ಗೆ ನಾನೇ ಮಾತಾಡಬೇಕಾಗಿದೆ — ತಪ್ಪಿದ್ದರೆ ತುಂಗಮ್ಮನವರು ತಿದ್ದಬೇಕು.

ಇಲ್ಲಿ ಕೂಟದ ಹೊರಗಿನವರೂ ಬಹಳ ಜನ ಇದ್ದೀರಿ. ಅವರಿಗಾಗಿ ಒಂದು ಮಾತು. ನಮ್ಮ ಕಡೆ ಮಳೆ ಈಗ ಮೊದಲಿನಂತೆ ಬೀಳುವುದಿಲ್ಲ. ಹದಿನೈದು ದಿನ ಹಿಡಿದು ಸುರಿಯಬೇಕಾದದ್ದು ಎರಡು ದಿನದಲ್ಲಿ ಸುರಿದು ಹೋಗುತ್ತದೆ. ಆಮೇಲೆ ಆಷಾಢದಲ್ಲೇ ಬಿಸಿಲು. ಫೆಬ್ರವರಿ ಹೊತ್ತಿಗೆ ಹಳ್ಳ ಬತ್ತುತ್ತದೆ, ಕಾಡಿನ ಪ್ರಾಣಿ ತೋಟಕ್ಕೆ ಇಳಿಯುತ್ತದೆ, ಅಡಿಕೆಗೆ ಎಲೆಚುಕ್ಕಿ ರೋಗ. ಇದನ್ನು ಒಂದೊಂದು ಇಲಾಖೆ ಒಂದೊಂದು ಮೂಲೆಯಲ್ಲಿ ಕೂತು ಸರಿ ಮಾಡಲು ಆಗುವುದಿಲ್ಲ, ಬೆಟ್ಟದ ತಲೆಯಿಂದ ಗದ್ದೆಯ ಕೊನೆವರೆಗೆ ಇಡೀ ಹಳ್ಳವನ್ನು ಎಲ್ಲರೂ ಒಟ್ಟಿಗೆ ನೋಡಬೇಕು ಅಂತ ಮಾಡಿದ್ದು ಈ ಕೂಟ. ಅರಣ್ಯದವರು, ತೋಟಗಾರಿಕೆಯವರು, ನಾವು, ಪಂಚಾಯ್ತಿಯವರು, ಒಂದು ಸಂಸ್ಥೆಯವರು. ಮೂರು ತಾಲ್ಲೂಕು. ಇಷ್ಟೂ ಜನರನ್ನು ಒಂದು ಮೇಜಿಗೆ ತರುವ ಸಂಚಾಲಕರು ಹೂವಯ್ಯನವರು.

ಸರ್ವೆಯರ್ ಆಗಿ ನಿವೃತ್ತರಾದವರು. ಜೀವಮಾನವಿಡೀ ಗಡಿ ಅಳೆದವರು. ಅವರನ್ನೇ ಯಾಕೆ ಈ ಕೆಲಸಕ್ಕೆ ಹಾಕಿದರೋ ಅಂತ ನಮಗೆಲ್ಲ ಅನುಮಾನ ಇತ್ತು. ಮೊದಲ ಸಭೆಗೆ ಜಾಗ ಗೊತ್ತು ಮಾಡುವಾಗಲೇ ಉತ್ತರ ಸಿಕ್ಕಿತು. ಸಾಗರದವರು ಸಾಗರ ಅಂದರು, ತೀರ್ಥಹಳ್ಳಿಯವರು ತೀರ್ಥಹಳ್ಳಿ ಅಂದರು. ಇವರು ಹೇಳಿದ್ದು — ರಿಪ್ಪನ್‌ಪೇಟೆ. ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿನ ಹಿಂದಿನ ಕೋಣೆ. "ಇಲ್ಲಿ ಯಾರ ಕುರ್ಚಿನೂ ಇಲ್ಲ ನೋಡಿ. ಎಲ್ಲರಿಗೂ ಒಂದೇ ಸಮ ತೊಂದ್ರೆ" ಅಂದರು. ಅಲ್ಲಿಂದ ಇಲ್ಲಿವರೆಗೆ ನಮ್ಮ ಎಲ್ಲ ಸಭೆಯೂ ಅಲ್ಲೇ. ಅದಕ್ಕೇ ಇವತ್ತು ಈ ಶ್ರದ್ಧಾಂಜಲಿ ಸಭೆಯೂ ಈ ಊರಲ್ಲೇ.

ಇಲ್ಲಿ, ಫೋಟೋದ ಪಕ್ಕ ಒರಗಿಸಿ ಇಟ್ಟ ಕೋಲು ನೋಡಿ. ಬಿದಿರಿನದು. ತುದಿಗೆ ಕಬ್ಬಿಣದ ಬಳೆ. ಆ ಕೋಲಿನ ಕತೆಯೇ ನಾನು ಇವತ್ತು ಹೇಳಬೇಕಾದದ್ದು. ಯಾಕೆ ಅನ್ನುವುದನ್ನೂ ಮೊದಲೇ ಹೇಳಿಬಿಡುತ್ತೇನೆ. ಈ ತಿಂಗಳ ಕೊನೆಗೆ ಕೂಟದ ಅವಧಿ ಮುಗಿಯುತ್ತದೆ. ಮೇಳಿಗೆ ಕಡೆಯ ಹಳ್ಳ ಬಾಕಿ ಇದೆ, ಸಾಗರದ ಕಡೆಯದು ಬಾಕಿ ಇದೆ. ಮುಂದುವರಿಸುವುದಾ, ಅಥವಾ ಅವರವರ ಕೆಲಸ ಅವರವರು ನೋಡಿಕೊಳ್ಳುವುದಾ — ಹೂವಯ್ಯನವರು ಹೋದ ಮೇಲೆ ಈ ಪ್ರಶ್ನೆ ಎಲ್ಲರ ಮನಸ್ಸಿನಲ್ಲಿದೆ. ಹೊರಗೆ ಚಪ್ಪಲಿ ಬಿಡುವ ಜಾಗದಲ್ಲೂ ಅದೇ ಮಾತು ಕೇಳಿದೆ. ಹೂವಯ್ಯನವರ ಕೊನೆಯ ಚಿಂತೆಯೂ ಅದೇ ಆಗಿತ್ತು.

ನಾವು ಮೊದಲು ಹಿಡಿದದ್ದು ಅವರ ಊರಿನದೇ, ಬಿದಿರಹಳ್ಳ. ಹಳ್ಳದ ತಲೆಯಲ್ಲಿ ಕಾಡು. ಕೆಳಗೆ ಅಡಿಕೆ ತೋಟ. ಅದರ ಕೆಳಗೆ ಗದ್ದೆ. ಕಟ್ಟಕಡೆಗೆ ಕೆಳಕೇರಿಯ ಕೆರೆ. ಬೇಸಿಗೆಯಲ್ಲಿ ಆ ಕೆರೆ ಬತ್ತಿ ಕೆಳಕೇರಿಯ ಬಾವಿಗಳೂ ಬತ್ತುತ್ತಿದ್ದವು. ಆ ಕೆರೆ ತುಂಬಿಸಬೇಕು — ನಮ್ಮ ಯೋಜನೆಯ ಮೊದಲ ಸಾಲೇ ಅದು.

ನಾವೆಲ್ಲ ಬಹಳ ಹುರುಪಿನಿಂದ ಕೆಲಸ ಮಾಡಿದೆವು. ಯಾರೂ ಹಿಂದೆ ಬೀಳಬಾರದು ಅಂತ. ಕಾಡಿನಲ್ಲಿ ಕಟ್ಟೆ ಆಯಿತು. ತೋಟದ ಮೇಲೆ ಹೊಂಡ ಆಯಿತು. ಅದರ ಕೆಳಗೆ ನನ್ನ ಚೆಕ್‌ಡ್ಯಾಂ. ಅದರ ಕೆಳಗೆ ಪಂಚಾಯ್ತಿಯದು. ಮತ್ತೂ ಕೆಳಗೆ ಸಂಸ್ಥೆಯದು. ಪ್ರತಿಯೊಂದರ ಪಕ್ಕದಲ್ಲಿ ಒಂದು ಬೋರ್ಡು. ಮಳೆ ಬಂತು. ಕಟ್ಟೆ ತುಂಬಿತು, ಹೊಂಡ ತುಂಬಿತು, ಚೆಕ್‌ಡ್ಯಾಂ ತುಂಬಿತು — ಎಲ್ಲದರ ಫೋಟೋ ತೆಗೆದೆವು, ಒಬ್ಬರಿಗೊಬ್ಬರು ಕಳಿಸಿದೆವು.

ಕೆರೆ ತುಂಬಲಿಲ್ಲ.

ಮೊದಲು ಅರ್ಧವಾದರೂ ಬರುತ್ತಿದ್ದ ನೀರು ಆ ವರ್ಷ ಕಾಲು ಭಾಗವೂ ಬರಲಿಲ್ಲ. ನಾವು ಐವರೂ ಸೇರಿ, ಬಹಳ ಚೆನ್ನಾಗಿ ಕೆಲಸ ಮಾಡಿ, ಹಳ್ಳವನ್ನು ದಾರಿಯಲ್ಲೇ ಕುಡಿದುಬಿಟ್ಟಿದ್ದೆವು.

ಮುಂದಿನ ಸಭೆಗೆ ಕೆಳಕೇರಿಯ ಬಂಗಾರಮ್ಮ ಬಂದರು. ಅಗೋ, ಕಿಟಕಿ ಪಕ್ಕ ಕೂತಿದ್ದಾರೆ. ಯಾರೂ ಕರೆದಿರಲಿಲ್ಲ. ಬಸ್ಸಿಳಿದು ನೇರ ಹೋಟೆಲಿನ ಹಿಂದಿನ ಕೋಣೆಗೆ ಬಂದು, ಚಾ ಬೇಕಾ ಅಂತ ಕೇಳಿದರೆ ಬೇಡ ಅಂದರು.

"ಐದು ಬೋರ್ಡ್ ಹಾಕಿದೀರಿ. ಓದ್ಕಂಡೇ ಬಂದೆ. ಆರನೇದು ನಾನು ಹಾಕ್ತೀನಿ, ಕೆರೆ ಏರಿ ಮೇಲೆ. ಇಲ್ಲಿ ನೀರಿತ್ತು ಅಂತ."

ಹೂವಯ್ಯನವರು ಕೇಳಿದರು, "ಬಂಗಾರಕ್ಕ, ಬಣ್ಣ ಯಾವುದು?"

"ನಗಾಡಬೇಡ ಹೂವಣ್ಣ. ನಿನ್ನ ಮನೆ ಬಾವೀಲಿ ನೀರಿದೆ."

ಅವರು ನಗು ನಿಲ್ಲಿಸಿದರು. ನಾನು ಅವರನ್ನು ನೋಡುತ್ತಿದ್ದೆ. ಆ ಮಾತು ತಾಗಿತ್ತು.

ಆಮೇಲೆ ನಡೆದದ್ದನ್ನು ನೀವು ಊಹಿಸಬಹುದು. ಯಾರ ಕಟ್ಟೆಯಿಂದ ತೊಂದರೆ? ಎಲ್ಲರೂ ಮೇಲಿನವರ ಕಡೆ ಕೈ ತೋರಿಸಿದರು. ಎಲ್ಲಕ್ಕಿಂತ ಮೇಲಿನವರು — ರೇಂಜರ್ ಹರ್ಷವರ್ಧನ ಅವರು — ಕೆಳಗಿನವರ ಕಡೆ ಕೈ ತೋರಿಸಿದರು. ಕಟ್ಟಿದ್ದನ್ನು ಒಡೆಯಲು ಯಾರಿಗೂ ಆಗುವುದಿಲ್ಲ, ಅದು ನಮ್ಮ ನಮ್ಮ ಕಚೇರಿಯಲ್ಲಿ ಎಂಥ ರಗಳೆ ಅಂತ ಇಲ್ಲಿ ಕೂತ ನೌಕರರಿಗೆ ಗೊತ್ತು. ಎರಡು ಸಭೆ ಹೀಗೇ ಹೋಯಿತು. ಮೂರನೆಯದಕ್ಕೆ ಇನ್ನು ಬರುವುದಿಲ್ಲ ಅಂತ ತೋಟಗಾರಿಕೆಯ ರವೀಶ್ ನನಗೆ ಹೇಳಿಯೂ ಆಗಿತ್ತು.

ಆವಾಗ ಹೂವಯ್ಯನವರು ಹೇಳಿದರು — "ಸಭೆ ಬೇಡ. ನಡಿಯೋಣ. ಕಾಡಿನ ತಲೆಯಿಂದ ಕೆರೆವರೆಗೆ, ಹಳ್ಳದ ಜೊತೆಗೇ. ಒಂದೇ ಒಂದು ನಿಯಮ. ಯಾರ ಜಾಗದಲ್ಲಿ ನಿಂತಿದೀವೋ ಅವರು ಮಾತಾಡೋಂಗಿಲ್ಲ. ಉಳಿದವರು ಮಾತಾಡಬೇಕು."

"ನಮ್ಮ ಜಾಗದ ವಿಷ್ಯ ನಾವೇ ಹೇಳ್ದೆ ಮತ್ಯಾರು ಹೇಳ್ತಾರೆ?" ರವೀಶ್ ಕೇಳಿದರು.

"ಅದನ್ನೇ ನೋಡೋಣ ಅಂತ."

ಮಳೆ ಮುಗಿದ ಮೇಲೆ ಒಂದು ದಿನ ಬೆಳಿಗ್ಗೆ ಹೊರಟೆವು. ಮುಂದೆ ಹೂವಯ್ಯನವರು, ಕೈಯಲ್ಲಿ ಈ ಕೋಲು. ಬಂಗಾರಮ್ಮನೂ ಜೊತೆಗೆ. ಯಾವ ಕಲ್ಲಿನಿಂದ ಆಚೆ ಯಾರದು ಅಂತ ಹೂವಯ್ಯನವರಿಗೆ ನಕ್ಷೆ ನೋಡುವ ಅಗತ್ಯವೇ ಇರಲಿಲ್ಲ. ಗಡಿ ಬಂದಲ್ಲಿ ಕೋಲನ್ನು ನೆಲಕ್ಕೆ ಕುಟ್ಟುವುದು — ಹೀಗೆ — ಆಮೇಲೆ ಹೆಸರು ಹೇಳುವುದು. "ಇಲ್ಲಿಂದ ರೇಂಜರ್ ಸಾಹೇಬ್ರು ಸುಮ್ನೆ."

ಹರ್ಷವರ್ಧನ ಅವರು ಸುಮ್ಮನಾದರು. ಅವರನ್ನು ಬಲ್ಲವರಿಗೆ ಗೊತ್ತು, ಅದು ಸಣ್ಣ ಸಾಧನೆಯಲ್ಲ. ನಗುತ್ತಿದ್ದಾರೆ ನೋಡಿ. ಕಾಡಿನ ಕಟ್ಟೆಯ ಹತ್ತಿರ ನಿಂತೆವು. ಇದನ್ನು ಕಟ್ಟಬಾರದಿತ್ತು ಅಂತ ಪಂಚಾಯ್ತಿಯವರು ಶುರು ಮಾಡಿದರು. ನಾನೂ ತಲೆಯಾಡಿಸಿದೆ. ರೇಂಜರ್ ಸಾಹೇಬರು ಬಾಯಿ ತೆರೆದರು — ಕೋಲು ಟಕ್ ಅಂತು — ಮುಚ್ಚಿದರು. ಕಟ್ಟೆಯ ಪರವಾಗಿ ಹೇಳುವವರು ಯಾರೂ ಇಲ್ಲ. ನೀರಿನ ಅಂಚಿನ ಕೆಸರಿನಲ್ಲಿ ಕಾಡುಕೋಣದ ಹೆಜ್ಜೆ ಇತ್ತು. ರವೀಶ್ ಅದನ್ನು ನೋಡುತ್ತಾ ನಿಂತವರು ಹೇಳಿದರು, "ಅಲ್ಲ, ಇದು ಇಲ್ಲೇ ನೀರು ಕುಡಿದ್ರೆ ನಮ್ಮ ತೋಟಕ್ಕೆ ಯಾಕೆ ಇಳೀತದೆ? ಈ ಕಟ್ಟೆ ಪೂರ್ತಿ ತೆಗೆದ್ರೆ ನಮಗೇ ಕಷ್ಟ."

ಎರಡು ಸಭೆಯಲ್ಲಿ ರೇಂಜರ್ ಸಾಹೇಬರು ಗಂಟಲು ಹರಿದುಕೊಂಡು ಹೇಳಿದ್ದು ಅದೇ ಮಾತು. ಆಗ ರವೀಶ್ ಒಪ್ಪಿರಲಿಲ್ಲ.

ತೋಟದ ಹೊಂಡದ ಹತ್ತಿರ ರವೀಶ್ ಸುಮ್ಮನಾಗುವ ಸರದಿ. ಅಲ್ಲಿ ರೇಂಜರ್ ಸಾಹೇಬರು ಮಾತಾಡಿದರು. "ಎಲೆಚುಕ್ಕಿ ಬಂದು ಮರ ಮೊದ್ಲೇ ಸೊರಗಿದಾವೆ. ಬೇಸಿಗೇಲಿ ನೀರೂ ತಪ್ಪಿದ್ರೆ ಉಳಿಯಲ್ಲ. ಹೊಂಡ ಇರಲಿ." ಆಮೇಲೆ ನನ್ನ ಚೆಕ್‌ಡ್ಯಾಂ. ಕೋಲು ಕುಟ್ಟಿತು. "ಮೇಡಂ ಸುಮ್ನೆ" ಅಂದರು ಹೂವಯ್ಯನವರು, "ನಿಮಗೇನು ಕಷ್ಟ ಇಲ್ಲ, ಅಭ್ಯಾಸ ಇದೆ." ಎಲ್ಲರೂ ನಕ್ಕರು. ನಿಜ ಹೇಳಬೇಕೆಂದರೆ ಕಷ್ಟವೇ ಆಯಿತು. ನಾನು ಕಟ್ಟಿಸಿದ್ದನ್ನು ಬೇರೆಯವರು ಬೈಯುವುದು ಕೇಳಿ ಗೊತ್ತಿತ್ತು. ಬೇರೆಯವರು ಅದಕ್ಕಾಗಿ ವಾದ ಮಾಡುವುದನ್ನು ಕೇಳಿದ್ದು ಅದೇ ಮೊದಲು. ಪಂಚಾಯ್ತಿಯವರು ಅದರ ಕೆಳಗಿನ ಎರಡು ಬಾವಿಗಳ ಹೆಸರು ಹೇಳಿ, ಇದು ಬೇಕು, ಆದರೆ ಇಷ್ಟು ಎತ್ತರ ಬೇಡ ಅಂದರು. ನಾನು ಏನೂ ಹೇಳುವಂತಿರಲಿಲ್ಲ.

ಹಲಸಿನ ಮರದ ಬುಡದಲ್ಲಿ ಬುತ್ತಿ ಬಿಚ್ಚಿದಾಗ ರೇಂಜರ್ ಸಾಹೇಬರೇ ಮೊದಲು ಹೇಳಿದರು. "ನಮ್ಮ ಕಟ್ಟೆದು ಕೋಡಿ ಒಂದು ಮೊಳ ತಗ್ಗಿಸ್ತೀನಿ. ಕೋಣಕ್ಕೆ ಸಾಕಾಗುವಷ್ಟು ಉಳೀತದೆ, ಉಳಿದದ್ದು ಕೆಳಗೆ ಹೋಗ್ಲಿ." ನೀರು ಹೊರಗೆ ಹರಿಯುವ ಬಾಯಿ ಅದು, ಕೋಡಿ. ಕಟ್ಟೆ ಒಡೆಯುವುದು ಬೇಡ, ಬಾಯಿ ತಗ್ಗಿಸಿದರೆ ಸಾಕು. ಅಷ್ಟು ಸುಲಭದ್ದು ನಮಗೆ ಎರಡು ಸಭೆಯಲ್ಲಿ ಹೊಳೆದಿರಲಿಲ್ಲ. ರವೀಶ್ "ನಮ್ಮದೂ" ಅಂದರು. ಆಮೇಲೆ ಎಲ್ಲರೂ. ಬಂಗಾರಮ್ಮ ಮಾತ್ರ ಉಪ್ಪಿನಕಾಯಿ ನೆಕ್ಕುತ್ತಾ, "ಊಟ ಮಾಡ್ತಾ ಎಲ್ಲರೂ ಒಳ್ಳೆಯವರೇ" ಅಂದರು.

ಕತೆ ಅಲ್ಲಿಗೇ ಮುಗಿಯಬಹುದಿತ್ತು. ಮುಗಿಯಲಿಲ್ಲ.

ಕೆರೆಗೆ ಇನ್ನೂ ಸ್ವಲ್ಪ ದೂರ ಇತ್ತು. ಮೊದಲು ಹಳ್ಳ ಉಕ್ಕಿ ಬಂದಾಗ ನೀರು ಗದ್ದೆಗಳ ಮೇಲೇ ಹಾದು ಕೆರೆಗೆ ಬೀಳುತ್ತಿತ್ತು. ಇನ್ನು ಕೋಡಿ ತಗ್ಗಿಸಿದರೂ ನೀರು ಉಕ್ಕಿ ಬರುವುದಿಲ್ಲ, ನಿಧಾನವಾಗಿ ಬರುತ್ತದೆ. ಹಾಗೆ ಬರುವ ನೀರಿಗೆ ಒಂದು ಕಾಲುವೆ ಬೇಕು. ಕಾಲುವೆ ಇಲ್ಲ. ಕೆರೆಗೂ ಹಳ್ಳಕ್ಕೂ ನಡುವೆ ಒಂದು ಗದ್ದೆ. ಅದರ ಬದುವಿನ ಹತ್ತಿರ ಬಂದಾಗ ಹೂವಯ್ಯನವರು ನಿಂತರು. ಕೋಲು ಕುಟ್ಟಿದರು.

ಹೆಸರು ಹೇಳಲಿಲ್ಲ.

ನಾವು ಕಾದೆವು. ನಾನು ರವೀಶ್ ಮುಖ ನೋಡಿದೆ, ಅವರು ಪಂಚಾಯ್ತಿಯವರ ಮುಖ ನೋಡಿದರು. "ಇದು ಯಾರದು ಹೂವಯ್ಯನವರೇ?" ರೇಂಜರ್ ಸಾಹೇಬರು ಕೇಳಿದರು. ಕೋಲು ಊರಿಕೊಂಡು ಗದ್ದೆ ನೋಡುತ್ತಾ ನಿಂತಿದ್ದರು. ರೇಂಜರ್ ಸಾಹೇಬರು ಇನ್ನೊಂದು ಸಲ ಕೇಳಿದರು. ಆಗ ಬಂಗಾರಮ್ಮ ಮೆತ್ತಗೆ ಹೇಳಿದರು, "ಅವ್ರ ಹತ್ರ ಕೇಳಬೇಡಿ. ಅವ್ರದ್ದೇ ಗದ್ದೆ. ಮಾತಾಡಂಗಿಲ್ಲ."

ಆ ಗದ್ದೆ ಹೂವಯ್ಯನವರ ತಂದೆ ಶೇಷಪ್ಪನವರು ಗೇಣಿಗೆ ಮಾಡುತ್ತಿದ್ದದ್ದು. ಮುಂದೆ ಉಳುವವರ ಹೆಸರಿಗೇ ಭೂಮಿ ಬಂದಾಗ ಅವರ ಹೆಸರಿಗೆ ಆಯಿತು. ಮನೆಯ ಮೊದಲ ಸ್ವಂತ ನೆಲ. ಸ್ವಂತದ್ದಾದ ಮೇಲೆ ಶೇಷಪ್ಪನವರು ಅದರಲ್ಲಿದ್ದ ಹಳೆಯ ಕಾಲುವೆ ಮುಚ್ಚಿ ಇನ್ನಷ್ಟು ಸಸಿ ನೆಟ್ಟರು. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಹೀಗೆ ಆಗಿದೆ. ಆ ಒಂದು ಸಾಲು ಭತ್ತಕ್ಕೆ ಎಷ್ಟು ಬೆಲೆ ಅಂತ ಹಾಗೆ ಭೂಮಿ ಪಡೆದವರಿಗೆ ಮಾತ್ರ ಗೊತ್ತು.

ನಿಯಮದ ಪ್ರಕಾರ ನಾವು ಮಾತಾಡಬೇಕು. ಅಲ್ಲಿ ಕಾಲುವೆ ತೋಡಬೇಕು ಅನ್ನಲು ಯಾರಿಗೂ ಬಾಯಿ ಬರಲಿಲ್ಲ. ಆ ದಿನ ಎಲ್ಲರೂ ಹೂವಯ್ಯನವರ ವಕೀಲರೇ. ಸುತ್ತಿ ತರೋಣ ಅಂದರು ಒಬ್ಬರು. ಪೈಪು ಹಾಕೋಣ ಅಂದರು ಇನ್ನೊಬ್ಬರು. ಬಂಗಾರಮ್ಮ — ಆರನೇ ಬೋರ್ಡು ಹಾಕುತ್ತೇನೆ ಅಂದಿದ್ದ ಬಂಗಾರಮ್ಮ — "ನಮ್ಮ ಕೆರೆ ಹಂಗೇ ಇರ್ಲಿ. ಅವರಪ್ಪ ಕಷ್ಟಪಟ್ಟ ಗದ್ದೆ ಅದು" ಅಂದರು. ಹೂವಯ್ಯನವರು ಆಗಲೂ ಮಾತಾಡಲಿಲ್ಲ. ಬೇಡ ಅನ್ನಲಿಕ್ಕೂ ಇಲ್ಲ, ಆಗಲಿ ಅನ್ನಲಿಕ್ಕೂ ಇಲ್ಲ. ಬೆಳಗಿನಿಂದ ನಮ್ಮೆಲ್ಲರಿಂದ ಅವರು ಏನು ಕೇಳಿದ್ದರೋ ಅದನ್ನು ತಾವೂ ಕೊಟ್ಟು ನಿಂತಿದ್ದರು.

ಆಗ ಮಜ್ಜಿಗೆ ಬಂತು. ಮನೆಯಿಂದ ತುಂಗಮ್ಮನವರು ಬಂದದ್ದು. ಲೋಟ ಕೊಡುತ್ತಾ ನಮ್ಮ ಮಾತೆಲ್ಲ ಕೇಳಿಸಿಕೊಂಡರು. ಆಮೇಲೆ — ಅಮ್ಮ, ನೀವು ಅಂದದ್ದು ನನಗೆ ಹಾಗೇ ನೆನಪಿದೆ —

"ಇವರು ಯಾಕೆ ಮಾತಾಡ್ತಾ ಇಲ್ಲ?"

ನಿಯಮ ಏನು ಅಂತ ರವೀಶ್ ವಿವರಿಸಿದರು.

"ಓ. ಪಹಣೀಲಿ ಯಾರ ಹೆಸರಿದೆ?"

"ಹೂವಯ್ಯನವರದು."

"ನನ್ನದು ಇಲ್ಲ?"

"ಇಲ್ಲ."

"ಹಂಗಾದ್ರೆ ನಾನು ಮಾತಾಡಬಹುದು."

ನಾವು ನಗುವುದೋ ಬೇಡವೋ ತಿಳಿಯದೆ ಲೋಟ ಹಿಡಿದು ನಿಂತೆವು. ತುಂಗಮ್ಮನವರು ಗದ್ದೆಯ ಮೂಲೆ ತೋರಿಸಿದರು. "ಕಾಲುವೆ ಅಲ್ಲಿತ್ತು. ಮದುವೆಯಾಗಿ ಬಂದ ದಿನ ಅದರಲ್ಲೇ ಕಾಲು ತೊಳ್ಕೊಂಡು ಮನೆ ಒಳಗೆ ಹೋದೋಳು ನಾನು. ಮಾವ ಆಮೇಲೆ ಮುಚ್ಚಿದ್ರು. ಅವತ್ತು ಅವರಿಗೆ ಅಕ್ಕಿ ಬೇಕಿತ್ತು, ಮುಚ್ಚಿದ್ರು. ಇವತ್ತು ಬಂಗಾರಂಗೆ ನೀರು ಬೇಕು. ತೋಡೋದಾದ್ರೆ ಸಸಿ ನೆಟ್ಟಿಗೆ ಮೊದ್ಲೇ ತೋಡಿ ಮುಗಿಸಿ." ಇಷ್ಟು ಹೇಳಿ ಗಂಡನ ಕಡೆ ತಿರುಗಿದರು. "ನೀವು ಈಗ ಮಜ್ಜಿಗೆ ಕುಡೀಬಹುದಾ, ಅದಕ್ಕೂ ನಿಯಮ ಇದ್ಯಾ?"

ಅವರು ಲೋಟ ತೆಗೆದುಕೊಂಡರು. ಆ ಗದ್ದೆಯ ಬದು ಇಳಿದು ಕೆರೆಯ ಜಾಗಕ್ಕೆ ಬಂದ ಮೇಲೇ ಮಾತಾಡಿದ್ದು. ಮೊದಲ ಮಾತು — "ಮಜ್ಜಿಗೆಗೆ ಉಪ್ಪು ಕಡಿಮೆ ಇತ್ತು."

ಮನೆಗೆ ಹೋದ ಮೇಲೆ ಆ ಉಪ್ಪಿನ ಮಾತಿಗೆ ಏನು ಉತ್ತರ ಸಿಕ್ಕಿತೋ, ಕೇಳುವ ಧೈರ್ಯ ನನಗೆ ಯಾವತ್ತೂ ಆಗಲಿಲ್ಲ.

ಬೇರೆ ಒಂದು ಪ್ರಶ್ನೆ ಮಾತ್ರ ಕೇಳಿದ್ದೆ. ನಾನು ಬಸ್ಸಿನಲ್ಲಿ ಕಾದಂಬರಿ ಓದುವವಳು, ಹೆಚ್ಚಾಗಿ ಹೊರದೇಶದವು, ಕನ್ನಡಕ್ಕೆ ಬಂದವು. ಪಕ್ಕದಲ್ಲಿ ಕೂತರೆ ಅವರು ವಿಚಾರಿಸುತ್ತಿದ್ದರು. "ಆ ಊರಲ್ಲಿ ಮಳೆ ಹೇಗಂತೆ?" "ಗಡಿ ಜಗಳ ಇದ್ಯಂತಾ?" ಇದೆ ಅಂದರೆ ಸಮಾಧಾನ. ಒಂದು ದಿನ ನಾನು ಕೇಳಿದೆ. ನಿಯಮ ಮಾಡುವಾಗಲೇ ಕೊನೆಗೆ ನಿಮ್ಮ ಗದ್ದೆಯೇ ಬರುತ್ತದೆ ಅಂತ ಗೊತ್ತಿತ್ತಾ? ಅವರು ನನ್ನ ಕೈಯಲ್ಲಿದ್ದ ಪುಸ್ತಕ ನೋಡಿ ಹೇಳಿದರು, "ನೀವು ಕೊನೇ ಪುಟ ಮೊದ್ಲು ಓದ್ತೀರಾ ಮೇಡಂ?" ಆಮೇಲೆ ಕಿಟಕಿ ಹೊರಗೆ ನೋಡುತ್ತಾ ಕೂತರು. ಕೋಣಂದೂರು ಬಂತು. ಇಳಿಯುವಾಗ, "ಗೊತ್ತಿಲ್ದೇ ಇರ್ತದಾ, ನಾನೇ ಅಳತೆ ಮಾಡಿದ ಊರು" ಅಂದರು.

ಕೋಡಿ ತಗ್ಗಿಸಿ, ಗದ್ದೆಯಲ್ಲಿ ಕಾಲುವೆ ತೋಡಿ ಮುಗಿಸಿದೆವು. ಮುಂದಿನ ಮಳೆಗಾಲದಲ್ಲಿ ಕೆಳಕೇರಿಯ ಕೆರೆ ತುಂಬಿತು. ಬಂಗಾರಮ್ಮ ಮತ್ತೆ ಬಸ್ಸು ಹತ್ತಿ ಹೋಟೆಲಿನ ಹಿಂದಿನ ಕೋಣೆಗೆ ಬಂದರು. ಈ ಸಲ ಚಾ ಕುಡಿದರು. "ಆರನೇ ಬೋರ್ಡ್ ಬೇಡ ಬಿಡಿ. ಆ ಐದನ್ನೂ ತೆಗೀರಿ. ಅಡ್ಡ ನಿಂತ್ಕಂಡು ನೀರೇ ಕಾಣ್ತಿಲ್ಲ."

ಹೋದ ವಾರ ಆಸ್ಪತ್ರೆಯಿಂದ ಹೂವಯ್ಯನವರು ಫೋನ್ ಮಾಡಿದ್ದರು. ಅದೇ ಕೊನೆಯದು ಅಂತ ನನಗೆ ಗೊತ್ತಿರಲಿಲ್ಲ. "ಕೋಲು ಮನೇಲಿ ಬಿಟ್ಟು ಬಂದೆ ಮೇಡಂ. ಇಲ್ಲಿ ಬೇಕಾಗೂ ಇಲ್ಲ. ಮಾತಾಡಬಾರದು ಅಂತ ಅವರೇ ಗೋಡೆ ಮೇಲೆ ಬರೆದಿದಾರೆ." ಆಮೇಲೆ ದನಿ ಇಳಿಯಿತು. "ಮೇಳಿಗೆ ಕಡೆಯವರು ನನಗೋಸ್ಕರ ಕಾಯ್ತಾರೆ ಅಂತ ಕೇಳಿದೆ. ಕಾಯಬಾರದು. ನಾನು ಇದ್ದರಷ್ಟೇ ನಡಿಯೋದು ಅಂತಾದ್ರೆ ಇಷ್ಟು ದಿನ ಮಾಡಿದ್ದು ಎಂತದು?" ನಾನು ಎಂದಿನಂತೆ ಸುಮ್ಮನಿದ್ದೆ. "ಕನ್ನಡಕ ಕಾಣ್ತಿಲ್ಲ, ಬಾಯಲ್ಲೇ ಹೇಳಿ" ಅಂದರು. ನಡೆಯುತ್ತೇವೆ ಅಂದೆ.

ನಾನೊಬ್ಬಳೇ ಕೊಟ್ಟ ಮಾತು ಅದು. ಆದರೆ ನಡೆಯುವ ಕೆಲಸ ಒಬ್ಬರದಲ್ಲ. ನನಗೆ ಹಾಗೆ ಹೇಳುವ ಅಧಿಕಾರ ಇರಲಿಲ್ಲ, ಗೊತ್ತು. ಅದಕ್ಕೇ ಇವತ್ತು ಇಲ್ಲಿ, ಅವರ ಮನೆಯವರ ಎದುರಿಗೆ, ನಿಮ್ಮೆಲ್ಲರನ್ನು ಕೇಳುತ್ತಿದ್ದೇನೆ.

ಕೂಟ ಹೂವಯ್ಯನವರದು ಅಂತ ನಾವೆಲ್ಲ ಅಂದುಕೊಂಡಿದ್ದೆವು. ಎಷ್ಟೋ ಸಲ ಬಾಯಲ್ಲೂ ಹಾಗೇ ಅಂದಿದ್ದೇವೆ, ಹೂವಯ್ಯನವರ ಕೂಟ ಅಂತ. ಇನ್ನು ಹಾಗೆ ಹೇಳಲು ಆಗುವುದಿಲ್ಲ. ಇದು ಯಾರ ಜಾಗ ಅಂತ ಈಗ ಕೇಳಿದರೆ — ರೇಂಜರ್ ಸಾಹೇಬರದು, ರವೀಶರದು, ಪಂಚಾಯ್ತಿಯವರದು, ಬಂಗಾರಮ್ಮನದು, ಮೇಳಿಗೆಯವರದು, ಸಾಗರದವರದು, ನನ್ನದು. ಇಲ್ಲಿ ಕೂತ ಪ್ರತಿಯೊಬ್ಬರದು.

ಮುಂದಿನ ಸಭೆಯಲ್ಲಿ, ಅದೇ ಹೋಟೆಲಿನ ಹಿಂದಿನ ಕೋಣೆಯಲ್ಲಿ, ಒಬ್ಬೊಬ್ಬರೂ ಪಕ್ಕದವರ ಜಾಗದ ಪರವಾಗಿ ಮಾತಾಡಿ. ಅಷ್ಟಾದರೆ ಉಳಿದದ್ದು ತಾನಾಗಿ ತೀರ್ಮಾನವಾಗುತ್ತದೆ. ಅದು ಆಮೇಲಿನ ಮಾತು. ಈಗ ನಾವೆಲ್ಲರೂ ನಮ್ಮ ನಮ್ಮ ಜಾಗದಲ್ಲೇ ಇದ್ದೇವೆ. ನಿಯಮ ಏನು ಅಂತ ನಿಮಗೆ ಗೊತ್ತು.

ಹೂವಯ್ಯನವರ ನೆನಪಿಗೆ ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ಭವ್ಯಾ, ಬಾ ಮಗಳೇ, ಅಪ್ಪನ ಕೋಲು ತಗೋ. ಅವಳು ಒಂದು ಸಲ ಕುಟ್ಟುತ್ತಾಳೆ. ಅವಳೇ ಮತ್ತೆ ಕುಟ್ಟುವವರೆಗೆ ಯಾರೂ ಮಾತಾಡುವಂತಿಲ್ಲ.